ಇಸಾಂಪುರದ ಕಲ್ಲುಗಳು ಇದ್ದಲ್ಲಿಯೇ ಇರಲಿ

ನಮ್ಮ ವಿದ್ಯಾಸಂಸ್ಥೆಯಲ್ಲೊಂದು ಪ್ರಾಚ್ಯವಸ್ತು ಸಂಗ್ರಹವಿರಬೇಕು, ಹುಣಸಗಿ ಸೀಮೆಯ ಆದಿಮಾನವನ ಶಿಲಾಯುಧಗಳನ್ನು ತಂದು ಅದರಲ್ಲಿ ಇರಿಸಬೇಕು ಎಂಬ ಮಾತು ಹಳೆಯ ವಿದ್ಯಾರ್ಥಿಗಳಿಂದಲೂ ದಾನಿಗಳಿಂದಲೂ ಆಗಾಗ ಕೇಳಿಬರುತ್ತಿದೆ. ಉದ್ದೇಶ ಸ್ತುತ್ಯವಾದುದು. ಆದರೆ ನನಗದು ಸಮ್ಮತವಲ್ಲವೆಂಬುದನ್ನು ವಿನಯಪೂರ್ವಕವಾಗಿ ನಿವೇದಿಸಬಯಸುತ್ತೇನೆ. ವ್ಯಾಕರಣ ಛಂದಸ್ಸುಗಳಲ್ಲಿ ಕಾಲ ಕಳೆದವನಿಗೆ ಕಲ್ಲಿನ ಉಸಾಬರಿ ಏಕೆಂದು ಕೆಲವರು ನಗಬಹುದು; ನಗಲಿ.

ಪುಣೆಯ ಡೆಕ್ಕನ್ ಕಾಲೇಜಿನ ಡಾ. ಕೆ. ಪದ್ದಯ್ಯನವರು ಹಿಂದಿನ ಸುರಪುರ ತಾಲೂಕಿನ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ಅಲೆದು ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರದ್ದು ಜಗತ್ತಿನ ವಿದ್ವಾಂಸರೆಲ್ಲ ಬಲ್ಲ ನೆಲೆ. 1983ರಲ್ಲಿ ಬೆಳಕಿಗೆ ಬಂದ ಅಲ್ಲಿ 1997ರಿಂದ 2001ರವರೆಗೆ ಉತ್ಖನನ ನಡೆಯಿತು. ದೊರೆತ ಪ್ರಾಣಿದಂತಗಳ ಪರೀಕ್ಷೆಯಿಂದ ಆ ನೆಲೆಯ ವಯಸ್ಸು ಸುಮಾರು 12 ಲಕ್ಷ ವರ್ಷವೆಂದು ತಿಳಿದುಬಂದಿದೆ.

ಅಲ್ಲಿ ಕಂಡದ್ದೇನು? ನಮ್ಮ ಮನೆಗಳಿಗೆ ಹಾಸುವ ಫರಸಿಯಂತೆ ಪದರಪದರವಾದ ಸುಣ್ಣಕಲ್ಲಿನ ಹಾಸು. ಅದರ ಅಂಚನ್ನು ಮೀಟಿ ಎಬ್ಬಿಸಿದ ಚಪ್ಪಡಿಗಳು, ಒಡೆಯಲು ಬಳಸಿದ ಸುತ್ತಿಗೆಗಲ್ಲುಗಳು, ಸುತ್ತಲೂ ಉದುರಿದ ಚಕ್ಕೆಗಳು, ಅರೆಬರೆ ಉಳಿದ ಕೈಗೊಡಲಿಗಳು. ಒಂದೆಡೆಯಲ್ಲ, ಅಲ್ಲಲ್ಲಿ ಗುಂಪುಗುಂಪಾಗಿ. ಇದು ಒಂಟಿಯೊಬ್ಬನ ಕೆಲಸವಾಗಿ ನನಗೆ ತೋರುವುದಿಲ್ಲ. ಒಬ್ಬನ ಕೈಯನ್ನು ಮತ್ತೊಬ್ಬನು ನೋಡದೆ ಕೈಗೊಡಲಿಯ ಆ ಆಕಾರ ತಲೆಮಾರುಗಳನ್ನು ದಾಟಿ ಬಂದೀತೆ? ಬೇಸಿಗೆಯಲ್ಲಿ ಬತ್ತದ ಒರತೆಗಳ ಬಳಿ ತಂಡಗಳು ಕೂಡುತ್ತಿದ್ದವು, ಮಳೆಗಾಲದಲ್ಲಿ ಕಣಿವೆಯ ತುಂಬ ಚದುರುತ್ತಿದ್ದವು ಎಂಬುದು ಪದ್ದಯ್ಯನವರ ಅಭಿಮತ. ನೆಲೆಗಳು ಎಲ್ಲೆಲ್ಲಿವೆ, ನೀರು ಎಲ್ಲಿದೆ ಎಂಬುದನ್ನು ಜೊತೆಗಿಟ್ಟು ನೋಡಿದ್ದರಿಂದ ಅವರಿಗೆ ಅದು ಹೊಳೆಯಿತು.

ಇದನ್ನು ಕೇಳಿ, ಕಾಯಕ ದಾಸೋಹಗಳು ಅಂದೇ ಇದ್ದವೆಂದು ಉತ್ಸಾಹಪಡುವವರನ್ನೂ ಬಲ್ಲೆ. ನಾನೊಪ್ಪೆನು. ದಾಸೋಹವು ಅರಿವಿನಿಂದ ಮಾಡುವಂಥದು. ಆ ಜನ ಆಹಾರವನ್ನು ಹಂಚಿಕೊಂಡರೋ ಕಸಿದುಕೊಂಡರೋ ಕಲ್ಲು ಹೇಳದು. ಅವರು ಕೂಡಿದ್ದರೆಂಬುದಷ್ಟನ್ನೇ ಅದು ಹೇಳುತ್ತದೆ, ಅದನ್ನೂ ಇದ್ದಲ್ಲಿಯೇ ಇದ್ದರೆ ಮಾತ್ರ. ವಾಕ್ಯದಿಂದ ಕಿತ್ತ ಪದಕ್ಕೆ ನಿಘಂಟಿನ ಅರ್ಥವಿರುತ್ತದೆ, ಅನ್ವಯವಿರುವುದಿಲ್ಲ. ಕಪಾಟಿನೊಳಗಿನ ಕೈಗೊಡಲಿಯ ಪಾಡೂ ಅದೇ.

ನನ್ನ ತಪ್ಪೊಂದನ್ನೂ ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಆ ಸೀಮೆಯ ಹುಡುಗನೊಬ್ಬ ತನ್ನ ಹೊಲದ ಕಲ್ಲೊಂದನ್ನು ತರಗತಿಗೆ ತಂದು, “ಇದು ಏನ್ರಿ ಗುರುಗಳೇ?” ಎಂದು ಕೇಳಿದ. ಷಟ್ಪದಿಯ ಪಾಠ ನಡೆದಿತ್ತು. “ಹೊರಗೆ ಒಗೆದು ಬಾ” ಎಂದೆ. ಎಲ್ಲಿ ಸಿಕ್ಕಿತು, ಅದರ ಬದಿಗೆ ಇನ್ನೇನಿತ್ತು ಎಂದು ಕೇಳಲೇ ಇಲ್ಲ.

ಈಗ ಕೇಳಿದರೂ ತೋರಿಸಲು ಆ ಹೊಲ ಹಾಗೆಯೇ ಉಳಿದಿರಬೇಕಲ್ಲ! ನಾರಾಯಣಪುರದ ಎಡದಂಡೆ ಕಾಲುವೆ ನಮ್ಮ ಸೀಮೆಗೆ ಅನ್ನ ಕೊಟ್ಟಿದೆ, ಅದನ್ನು ಹಳಿಯುವವನು ಕೃತಘ್ನ. ಆದರೆ ಭತ್ತದ ಗದ್ದೆಗಾಗಿ ನೆಲ ಸಮಮಾಡುವ ಯಂತ್ರಕ್ಕೆ ದಿಬ್ಬವೆಲ್ಲ ಒಂದೇ. ಹನ್ನೆರಡು ಲಕ್ಷ ವರ್ಷ ಅಲುಗದ ಚಕ್ಕೆಗಳು ಒಂದು ಮಧ್ಯಾಹ್ನದಲ್ಲಿ ಬದುವಿಗೆ ಬೀಳುತ್ತವೆ.

ಆ ಭಾಗದಲ್ಲಿ ಹೊಲವುಳ್ಳ ನಮ್ಮ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಅಂಥ ಕಲ್ಲುಗಳ ಮೂಲೆಯೊಂದಿದ್ದರೆ ಅದನ್ನು ಸಮಮಾಡದೆ ಬಿಡಿರೆಂದು ಅವರಲ್ಲಿ ನನ್ನ ಪ್ರಾರ್ಥನೆ. ದಾನಿಗಳು ಗಾಜಿನ ಕಪಾಟಿಗೆ ಕೊಡುವ ಹಣವನ್ನು ವರ್ಷಕ್ಕೊಮ್ಮೆ ಮಕ್ಕಳನ್ನು ಇಸಾಂಪುರಕ್ಕೆ ಕರೆದೊಯ್ಯುವ ಬಸ್ಸಿನ ಬಾಡಿಗೆಗೆ ಕೊಡಲಿ. ಶಿಕ್ಷಕರು ಅಲ್ಲಿ ಮಕ್ಕಳಿಗೆ ಹೇಳಬೇಕಾದುದು ಇಷ್ಟೇ: ನೋಡಿರಿ, ಎಣಿಸಿರಿ, ಬರೆದುಕೊಳ್ಳಿರಿ, ಎತ್ತಬೇಡಿರಿ. ಮೊದಲ ಬಸ್ಸಿನಲ್ಲಿ ನನಗೂ ಒಂದು ಸ್ಥಳವಿರಲಿ.