ಆಕೆಗೆ ವೀಸಾ ಬಂತು, ನಾಯಿಗೆ ಬರವಲ್ದು

"ಅಣ್ಣಾ, ನನಗ ವೀಸಾ ಬಂತು. ರಾಜಾಗ ಏನ್ ಮಾಡೂದು ಗೊತ್ತಾಗವಲ್ದು."

ಪುರ್ತಗೇರಿಯಿಂದ ಚಿಕ್ಕಪ್ಪನ ಮಗಳ ಫೋನ್. ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ಎರಡು ತಿಂಗಳಲ್ಲಿ ಹೊರಡಬೇಕು. ರಾಜಾ ಅಂದ್ರೆ ಲಾಕ್‌ಡೌನ್ ಟೈಮಿನಲ್ಲಿ ಊರಿಂದಲೇ ಲ್ಯಾಪ್‌ಟಾಪ್ ಕುಟ್ಟುತ್ತಿದ್ದಾಗ ಆಕೆ ಮುಧೋಳದಿಂದ ತಂದ ಮರಿ. ಈಗ ಸೊಂಟದೆತ್ತರ ಬೆಳೆದಿದೆ. ನಾನು ಮೊದಲು ನಕ್ಕೆ. ನಾಯಿ ವಿಮಾನ ಹತ್ತೋದು ಇಂದಿರಾನಗರದವರ ಸಮಸ್ಯೆ, ಗಜೇಂದ್ರಗಡ ತಾಲ್ಲೂಕಿನದ್ದಲ್ಲ ಅಂದುಕೊಂಡಿದ್ದೆ. ಮೂರು ವಾರ ಕಾಗದಪತ್ರ ಓದಿದ ಮೇಲೆ ಆ ನಗು ಉಳಿದಿಲ್ಲ.

ಮೊದಲು ಲೆಕ್ಕ ನೋಡಿ. ಎಂಜಿನಿಯರಿಂಗ್ ಓದಿದ್ದು ಉಪಯೋಗಕ್ಕೆ ಬಂದ ಅಪರೂಪದ ಸಂದರ್ಭ ಇದು. ರಾಜಾನ ತೂಕ 25 ಕೆ.ಜಿ. ಕ್ಯಾಬಿನ್‌ನಲ್ಲಿ ನಾಯಿ ಬಿಡುವ ವಿಮಾನಗಳಲ್ಲೂ ಸೀಟಿನ ಕೆಳಗೆ ಹಿಡಿಸುವ ಸಣ್ಣ ನಾಯಿಗೆ ಮಾತ್ರ ಅವಕಾಶ, ಹಾಗಾಗಿ ಇದಕ್ಕೆ ಕಾರ್ಗೋ ಒಂದೇ ದಾರಿ. ನಾಯಿ ಪೆಟ್ಟಿಗೆಯೊಳಗೆ ತಲೆ ಎತ್ತಿ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು ಎನ್ನುವುದು ಐಯಾಟಾ ನಿಯಮ. ಮುಧೋಳ ನಾಯಿಯ ಉದ್ದ ಕಾಲು, ಉದ್ದ ಕತ್ತಿಗೆ ಸುಮಾರು 120 ಸೆಂ.ಮೀ. ಉದ್ದ, 80 ಅಗಲ, 90 ಎತ್ತರದ ಪೆಟ್ಟಿಗೆ ಬೇಕು. ಕಾರ್ಗೋದಲ್ಲಿ ಮೂರನ್ನೂ ಗುಣಿಸಿ 6000ದಿಂದ ಭಾಗಿಸುತ್ತಾರೆ. ಬರುವ ಉತ್ತರ 144. ಅಂದ್ರೆ 25 ಕೆ.ಜಿ. ನಾಯಿಗೆ 144 ಕೆ.ಜಿ. ಬಾಡಿಗೆ. ನಾಯಿಗಿಂತ ಅದರ ಸುತ್ತಲಿನ ಗಾಳಿಗೇ ಹೆಚ್ಚು ದುಡ್ಡು.

ಪಗ್, ಬುಲ್‌ಡಾಗ್ ಸಾಕಿದವರ ಕಷ್ಟ ಬೇರೆ ಥರ. ನಾಯಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು, ಚಪ್ಪಟೆ ಮೂಗಿಗೆ ಅದು ಸರಿಯಾಗಿ ಆಗಲ್ಲ. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಕೊಟ್ಟ ಲೆಕ್ಕದಲ್ಲಿ, ಐದು ವರ್ಷದಲ್ಲಿ ಕಾರ್ಗೋದಲ್ಲಿ ಸತ್ತ 122 ನಾಯಿಗಳಲ್ಲಿ ಸುಮಾರು ಅರ್ಧ ಇಂಥ ಚಪ್ಪಟೆ ಮೂಗಿನವು. ಹಾಗಾಗಿ ಎಷ್ಟೋ ಕಂಪನಿಗಳು ಅವನ್ನು ಒಯ್ಯುವುದೇ ಇಲ್ಲ. ಪಿಟ್‌ಬುಲ್ ಥರದ ತಳಿಗಳಿಗೆ ಹೆಸರು ಕೇಳಿಯೇ ಬಾಗಿಲು ಹಾಕುವವರಿದ್ದಾರೆ. ನಮ್ಮ ಕೇಂದ್ರ ಸರ್ಕಾರವೂ 2024ರ ಮಾರ್ಚ್‌ನಲ್ಲಿ 23 ತಳಿಗಳನ್ನು 'ಉಗ್ರ' ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರನ್ನು ಕೇಳದೇ ಮಾಡಿದ್ದೆಂದು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು.

ರಾಜಾನ ಮೂಗು ಉದ್ದ, ತಳಿಗೆ ಕೆಟ್ಟ ಹೆಸರೂ ಇಲ್ಲ. 2005ರಲ್ಲಿ ಅಂಚೆಚೀಟಿ ಮೇಲೆ ಬಂದ ತಳಿ, 2016ರಲ್ಲಿ ಸೇನೆ ಮೀರತ್‌ಗೆ ಮರಿಗಳನ್ನು ಒಯ್ದ ತಳಿ, 2020ರಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಹೊಗಳಿದ ತಳಿ. ಮುಧೋಳದ ಘೋರ್ಪಡೆ ರಾಜರು ಬ್ರಿಟಿಷ್ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕೊಟ್ಟ ಕಥೆಯಂತೂ ಆ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಹೀಗಿದ್ದರೂ ರಾಜಾ ಎರಡು ತಿಂಗಳಲ್ಲಿ ಹೊರಡೋಕಾಗಲ್ಲ. ಇದಕ್ಕೆ ಕಾರಣ ಬಾಡಿಗೆಯಲ್ಲ, ರೇಬೀಸ್.

ಐರೋಪ್ಯ ಒಕ್ಕೂಟಕ್ಕೆ ನಾಯಿ ಹೋಗಬೇಕಾದರೆ ಮೊದಲು ಮೈಯಲ್ಲಿ ಮೈಕ್ರೋಚಿಪ್ ಇರಬೇಕು, ಲಸಿಕೆ ಆಮೇಲೆ. ಲಸಿಕೆ ಹಾಕಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಅವರು ಒಪ್ಪಿದ ಲ್ಯಾಬ್‌ಗೆ ಕಳಿಸಬೇಕು. ಪ್ರತಿಕಾಯ ಮಿಲಿಲೀಟರ್‌ಗೆ 0.5 ಐಯು ಅಥವಾ ಹೆಚ್ಚಿರಬೇಕು. ಪಾಸಾದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ರಾಜಾಗೆ ವರ್ಷ ವರ್ಷ ಲಸಿಕೆ ಹಾಕಿಸಿದ್ದಾರೆ, ಕಾರ್ಡೂ ಇದೆ. ಆದರೆ ಚಿಪ್ ಇರಲಿಲ್ಲ. ಚಿಪ್‌ಗಿಂತ ಮೊದಲಿನ ಲಸಿಕೆ ಲೆಕ್ಕಕ್ಕಿಲ್ಲ. ಐದು ವರ್ಷದ ಕಾರ್ಡು ಸೊನ್ನೆ.

"ಹಂಗಾರ ಇಷ್ಟ್ ವರ್ಷ ಹಾಕ್ಸಿದ್ದು ನೀರೇನು?" ಅಂತ ಚಿಕ್ಕಪ್ಪ ಕೇಳಿದರು. ಅವರಿಗೆ ಏನು ಹೇಳೋದು? ಲಸಿಕೆ ಕೆಲಸ ಮಾಡಿದೆ, ಸಾಕ್ಷಿ ಮಾತ್ರ ಇಲ್ಲ.

ಇದೇ ನಾಯಿ ದುಬೈನಲ್ಲಿ ಬೆಳೆದಿದ್ದರೆ ರಕ್ತಪರೀಕ್ಷೆ, ಮೂರು ತಿಂಗಳು ಎರಡೂ ಬೇಡ. ಯುಎಇ, ಮಲೇಷ್ಯಾ, ಮಾರಿಷಸ್ ಒಕ್ಕೂಟದ ಪಟ್ಟಿಯಲ್ಲಿವೆ, ಭಾರತ ಇಲ್ಲ. ಅಮೆರಿಕ 2024ರ ಆಗಸ್ಟ್‌ನಿಂದ ನಿಯಮ ಬಿಗಿ ಮಾಡಿತು, ಅಲ್ಲೂ ನಾವು 'ಹೆಚ್ಚು ಅಪಾಯ'ದ ಪಟ್ಟಿಯಲ್ಲಿದ್ದೇವೆ. ಆಸ್ಟ್ರೇಲಿಯಾಕ್ಕೆ ಇಲ್ಲಿಂದ ನೇರವಾಗಿ ಒಯ್ಯುವ ಹಾಗೇ ಇಲ್ಲ.

ಬಿಳಿಯರ ದುರಹಂಕಾರ ಅಂತ ಬೈಯೋದು ಸುಲಭ. ನನಗೂ ಹಾಗೇ ಅನಿಸಿತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ 36ರಷ್ಟು ನಮ್ಮವು. ಸಾಯುವವರಲ್ಲಿ ಮಕ್ಕಳೂ ಬಹಳ. ಲಕ್ಷಣ ಕಂಡ ಮೇಲೆ ಬದುಕುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ರಾಜಾನನ್ನು ತಡೆಯುತ್ತಿರುವ ಪಟ್ಟಿ ನಮ್ಮ ಪಂಚಾಯ್ತಿ, ಪುರಸಭೆಗಳ ಮಾರ್ಕ್ಸ್‌ಕಾರ್ಡ್.

ಪಾಸಾಗೋದು ಅಸಾಧ್ಯವೇನಲ್ಲ. ಗದಗದಿಂದ ಒಂದು ರಾತ್ರಿಯ ರೈಲಿನಷ್ಟು ದೂರದ ಗೋವಾದಲ್ಲಿ 2014ರಿಂದ ಮಿಷನ್ ರೇಬೀಸ್ ಸಂಸ್ಥೆ ಸರ್ಕಾರದ ಜೊತೆ ಸೇರಿ ಓಣಿ ಓಣಿ ಸುತ್ತಿ, ಬೀದಿ ನಾಯಿಗಳನ್ನು ಬಲೆಯಲ್ಲಿ ಹಿಡಿದು, ಚುಚ್ಚಿ, ಗುರುತು ಹಾಕಿ, ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಿ ಬಿಟ್ಟಿತು. ನಾಯಿಗಳಲ್ಲಿ ಶೇ 70ಕ್ಕೆ ಲಸಿಕೆ ಬಿದ್ದರೆ ವೈರಸ್‌ನ ಸರಪಳಿ ಕಡಿಯುತ್ತದೆ. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಿದರು.

ಇಲ್ಲಿ? 2030ಕ್ಕೆ ನಾಯಿಯಿಂದ ಬರುವ ರೇಬೀಸ್ ಸಾವು ನಿಲ್ಲಿಸುವ ರಾಷ್ಟ್ರೀಯ ಯೋಜನೆ 2021ರಲ್ಲೇ ಬಂದಿದೆ. 2023ರ ಎಬಿಸಿ ನಿಯಮಗಳು ಸಂತಾನಹರಣ, ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ತಲೆಗೆ ಹಾಕಿವೆ. ಸಂಬಳಕ್ಕೆ, ಬೀದಿದೀಪಕ್ಕೆ ಒದ್ದಾಡುವ ಪಂಚಾಯ್ತಿ ನಾಯಿ ಹಿಡಿಯುವವರನ್ನು ಎಲ್ಲಿಂದ ತರಬೇಕು ಎಂದು ಯಾರೂ ಹೇಳಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ನಾಯಿಗಳನ್ನೆಲ್ಲ ಶೆಲ್ಟರ್‌ಗೆ ಹಾಕಿ ಎಂದು ಆದೇಶಿಸಿ, ಹನ್ನೊಂದು ದಿನದಲ್ಲಿ ಅದನ್ನು ಬದಲಿಸಿತು. ಟಿವಿಯಲ್ಲಿ ನಾಯಿಪ್ರಿಯರು-ನಾಯಿದ್ವೇಷಿಗಳ ಜಗಳ ತಿಂಗಳುಗಟ್ಟಲೆ ನಡೆಯಿತು. ಲಸಿಕೆಯ ಸರಾಸರಿ ಎಷ್ಟು ಎಂಬ ಬೋರು ಹೊಡೆಸುವ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ.

ಸದ್ಯ ತಂಗಿ ಒಬ್ಬಳೇ ಹೊರಡುತ್ತಾಳೆ. ರಾಜಾಗೆ ಚಿಪ್ ಆಯ್ತು, ಮರುದಿನ ಹೊಸದಾಗಿ ಲಸಿಕೆಯೂ ಆಯ್ತು. ನಿದ್ದೆ ಮದ್ದು ಕೊಟ್ಟ ನಾಯಿಯನ್ನು ಕಾರ್ಗೋದವರು ತೆಗೆದುಕೊಳ್ಳಲ್ಲ, ಅದಕ್ಕೆ ಪೆಟ್ಟಿಗೆ ಈಗಲೇ ತರಿಸಿ ಪಡಸಾಲೆಯಲ್ಲಿಟ್ಟು ರೂಢಿ ಮಾಡಿಸುತ್ತಿದ್ದೇವೆ. ರಾಜಾ ಹೊರಗೇ ಮಲಗುತ್ತದೆ, ಒಳಗೆ ಅಜ್ಜಿಯ ಬೆಕ್ಕು. ಮುಂದಿನ ತಿಂಗಳು ರಕ್ತ ತೆಗೆಸೋಕೆ ನಾನೇ ಊರಿಗೆ ಹೋಗಬೇಕು.