ಆರನೇ ಕಲಮಿನ ಬೀಗ

2004ರ ಜುಲೈ 10ರ ನಡುರಾತ್ರಿ ಮಣಿಪುರದ ರಾಜಧಾನಿ ಇಂಫಾಲದ ಪಕ್ಕದ ಬಾಮೊನ್ ಕಂಪು ಎಂಬಲ್ಲಿ ಒಂದು ಮನೆಗೆ ನುಗ್ಗಿದ ಅಸ್ಸಾಂ ರೈಫಲ್ಸ್ ಸೈನಿಕರು ತಂಗ್ಜಮ್ ಮನೋರಮಾ ಎಂಬ ಹೆಣ್ಣುಮಗಳನ್ನು ಹಿಡಿದುಕೊಂಡು ಹೋದರು. ಹೋಗುವ ಮೊದಲು ಎರಡು ಕಾಗದಗಳ ಕೆಲಸ ಮುಗಿಸಿದರು. ಒಂದು ಬಂಧನದ ಪತ್ರ. ಇನ್ನೊಂದಕ್ಕೆ ಮನೆಯವರ ಕೈಯಲ್ಲೇ ಸಹಿ ಹಾಕಿಸಿದರು: ಸೈನಿಕರು ಹೆಂಗಸರ ಜೊತೆ ಕೆಟ್ಟದಾಗಿ ನಡೆದುಕೊಂಡಿಲ್ಲ, ಮನೆಯ ಸಾಮಾನಿಗೆ ಹಾನಿ ಮಾಡಿಲ್ಲ ಎಂದು. ಬೆಳಗಾದಾಗ ಅವಳ ಹೆಣ ರಸ್ತೆಬದಿಯಲ್ಲಿ ಬಿದ್ದಿತ್ತು. ಜನನಾಂಗದಲ್ಲಿ ಗುಂಡಿನ ಗಾಯವಿತ್ತು.

ಉಗ್ರಗಾಮಿ ಸಂಘಟನೆಯವಳು, ತಪ್ಪಿಸಿಕೊಂಡು ಓಡಿದಳು, ಕಾಲಿಗೆ ಗುಂಡು ಹಾರಿಸಿದೆವು ಎಂದು ಪಡೆಯವರು ಹೇಳಿದರು. ಕಾಲಿನಲ್ಲಿ ಗುಂಡಿನ ಗಾಯವೇ ಇಲ್ಲ ಎಂದು ವಿಚಾರಣಾ ಆಯೋಗ ಬರೆಯಿತು. ಇರಲಿ, ಅವಳು ಉಗ್ರಗಾಮಿಯೇ ಆಗಿದ್ದಳು ಅಂತಲೇ ಇಟ್ಟುಕೊಳ್ಳಿ. ಹಾಗಿದ್ದರೆ ಕೋರ್ಟಿಗೆ ಎಳೆಯಬೇಕಿತ್ತು. ಬಂದೂಕು ಹಿಡಿದ ಹೆಣ್ಣಿನ ಮೈಗೆ ಈ ಶಿಕ್ಷೆ ಎಂದು ನಮ್ಮ ಸಂವಿಧಾನದ ಯಾವ ಪುಟದಲ್ಲಿದೆ? ಟಿ.ವಿ. ಮುಂದೆ ಕೂತು ‘ಅವಳೇನು ಸಾಚಾನಾ’ ಎಂದು ಕೇಳುವವರಿಗೆ ನನ್ನ ಹತ್ತಿರ ನಯವಾದ ಉತ್ತರವಿಲ್ಲ.

ಜುಲೈ 15ರಂದು ಹನ್ನೆರಡು ಮಂದಿ ಮೈತೇಯಿ ಹೆಂಗಸರು ಕಾಂಗ್ಲಾ ಕೋಟೆಯ ಬಾಗಿಲಿಗೆ ಬಂದರು. ಆಗ ಅಸ್ಸಾಂ ರೈಫಲ್ಸ್ ಠಿಕಾಣಿ ಅಲ್ಲೇ ಇತ್ತು. ಅಲ್ಲಿನವರು ತಾಯಿಯನ್ನು ಇಮಾ ಎನ್ನುತ್ತಾರೆ. ಇವರೆಲ್ಲ ಇಮಾಗಳು, ಮಕ್ಕಳು ಮೊಮ್ಮಕ್ಕಳನ್ನು ಕಂಡವರು. ಉಟ್ಟ ಬಟ್ಟೆ ಕಳಚಿದರು. ಭಾರತೀಯ ಸೇನೆಯೇ, ನಮ್ಮ ಮೇಲೂ ಅತ್ಯಾಚಾರ ಮಾಡು ಎಂದು ಬರೆದ ಬ್ಯಾನರನ್ನು ಮೈಗೆ ಅಡ್ಡ ಹಿಡಿದು ಎದೆ ಬಡಿದುಕೊಂಡು ಕೂಗಿದರು. ಆಮೇಲೆ ಜೈಲಿಗೆ ಹೋದವರು ಯಾರು? ಆ ತಾಯಂದಿರೇ. ಮನೋರಮಾಳನ್ನು ಹೊತ್ತೊಯ್ದವರಲ್ಲಿ ಒಬ್ಬನೂ ಹೋಗಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಕಾಂಗ್ಲಾ ಕೋಟೆಯನ್ನು ಜನರಿಗೆ ಬಿಟ್ಟುಕೊಟ್ಟರು. ಇಂಫಾಲದ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು ಹಿಂದಕ್ಕೆ ಪಡೆದರು. ಆ ತಾಯಂದಿರು ಗೆದ್ದದ್ದು ಅಷ್ಟು. ಆದರೆ ಸಾವಿನ ವಿಚಾರಣೆ ನಡೆಸಿದ ಆಯೋಗದ ವರದಿ ಹತ್ತು ವರ್ಷ ಹೊರಗೆ ಬರಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಿ ಎಂದಿತು. ದುಡ್ಡು ಕೊಟ್ಟ ಸರ್ಕಾರ ಅಪರಾಧಿಗಳನ್ನು ಕೊಡಲಿಲ್ಲ.

ಕೊಡದೇ ಇರುವ ಹಕ್ಕನ್ನು ಅದಕ್ಕೆ ಕೊಟ್ಟಿರುವುದೇ ಆ ವಿಶೇಷಾಧಿಕಾರ ಕಾಯ್ದೆ. 1958ರ ಈ ಕಾಯ್ದೆಯ ಬೇರು 1942ರಲ್ಲಿದೆ. ಕ್ವಿಟ್ ಇಂಡಿಯಾ ಚಳವಳಿಯನ್ನು ತುಳಿಯಲು ವೈಸ್‌ರಾಯ್ ಲಿನ್‌ಲಿತ್‌ಗೋ ಹೊರಡಿಸಿದ ಸುಗ್ರೀವಾಜ್ಞೆಯೇ ಅದರ ಮೂಲ. ನಮ್ಮ ಅಜ್ಜ ಅಜ್ಜಿಯರ ಮೇಲೆ ಬಿಟ್ಟ ಕಾನೂನನ್ನು ನಾವೇ ಎತ್ತಿಕೊಂಡು ನಾಗಾ ಬೆಟ್ಟಗಳ ಮೇಲೆ, ಮಣಿಪುರದ ಮೇಲೆ, ಆಮೇಲೆ ಕಾಶ್ಮೀರದ ಮೇಲೆ ಬಿಟ್ಟೆವು. 1958ರ ಕಾಯ್ದೆಯ ಆರನೇ ಕಲಮು ಹೇಳುವುದಿಷ್ಟು: ಕಾಯ್ದೆ ಕೊಟ್ಟ ಅಧಿಕಾರ ಚಲಾಯಿಸಿ ಮಾಡಿದ ಯಾವುದೇ ಕೆಲಸಕ್ಕೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಯಾರ ಮೇಲೂ ಮೊಕದ್ದಮೆ ಹೂಡುವಂತಿಲ್ಲ. ಅತ್ಯಾಚಾರ ಯಾವ ಅಧಿಕಾರದ ಚಲಾವಣೆ ಸ್ವಾಮಿ? ಯಾವ ಕಾರ್ಯಾಚರಣೆಯ ಭಾಗ? ಗಡಿ ಕಾಯುವುದಕ್ಕೂ ಒಬ್ಬ ಹೆಣ್ಣಿನ ಕೋಣೆಯ ಬಾಗಿಲು ಒದೆಯುವುದಕ್ಕೂ ಏನು ಸಂಬಂಧ?

ಜಮ್ಮು ಕಾಶ್ಮೀರ ಸರ್ಕಾರ 2001ರಿಂದ 50 ಪ್ರಕರಣಗಳಲ್ಲಿ ಹೀಗೆ ಅನುಮತಿ ಕೇಳಿತ್ತು. ಎಷ್ಟಕ್ಕೆ ಕೊಟ್ಟಿರಿ ಎಂದು ರಾಜ್ಯಸಭೆಯಲ್ಲಿ ಕೇಳಿದಾಗ 2018ರ ಜನವರಿಯಲ್ಲಿ ರಕ್ಷಣಾ ಸಚಿವಾಲಯದ ಉತ್ತರ ಬಂತು: 47 ತಿರಸ್ಕೃತ, 3 ಬಾಕಿ. ಒಂದಕ್ಕೂ ಕೊಟ್ಟಿರಲಿಲ್ಲ. ಕುಪ್ವಾರದ ಕುನನ್ ಮತ್ತು ಪೋಶ್ಪೊರಾ ಹಳ್ಳಿಗಳ ಹೆಂಗಸರದ್ದು ಇನ್ನೂ ಹಳೆಯ ದೂರು. 1991ರ ಫೆಬ್ರವರಿ 23ರ ರಾತ್ರಿ ಗಂಡಸರನ್ನೆಲ್ಲ ಹೊರಗೆ ಕೂಡಿಹಾಕಿ, ಶೋಧದ ಹೆಸರಿನಲ್ಲಿ ಒಳಗೆ ಬಂದ ಸೈನಿಕರು ನಮ್ಮ ಮೇಲೆ ಎರಗಿದರು ಎಂದು ಅವರು ಅಂದಿನಿಂದ ಹೇಳುತ್ತಲೇ ಇದ್ದಾರೆ. ಪತ್ರಿಕಾ ಮಂಡಳಿಯ ತಂಡವೊಂದು ಹೋಗಿ ಬಂದು ಅದನ್ನು ಕಟ್ಟುಕತೆ ಎಂದಿತು. ಪೊಲೀಸರು ಅದೇ ವರ್ಷ ಕಡತ ಮುಚ್ಚಿದರು. ಕಟ್ಟುಕತೆಯೇ ಆಗಿದ್ದರೆ ಕೋರ್ಟಿನಲ್ಲಿ ಹಾಗಂತ ಸಾಬೀತಾಗಲಿ ಬಿಡಿ. ತೆರೆದ ಕೋರ್ಟಿನಲ್ಲಿ ಪಾಟೀಸವಾಲಿಗೆ ಯಾಕೆ ಹೆದರಿಕೆ?

ಈ ಅನ್ಯಾಯವನ್ನು ದೆಹಲಿಯ ಮುಂದೆ ಯಾರೂ ಇಡಲಿಲ್ಲ ಎನ್ನುವ ಹಾಗಿಲ್ಲ. ಮನೋರಮಾಳ ಸಾವಿನ ನಂತರ ಸರ್ಕಾರವೇ ನೇಮಿಸಿದ ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿ 2005ರಲ್ಲಿ ಕಾಯ್ದೆಯನ್ನೇ ರದ್ದು ಮಾಡಿ ಎಂದಿತು. ದೆಹಲಿಯ ಬಸ್ಸಿನಲ್ಲಿ ನಡೆದ ಘೋರ ಅತ್ಯಾಚಾರದ ನಂತರ ಕೂತ ನ್ಯಾಯಮೂರ್ತಿ ವರ್ಮಾ ಸಮಿತಿ 2013ರ ಜನವರಿ 23ರಂದು ಕೊಟ್ಟ ವರದಿಯಲ್ಲಿ, ಲೈಂಗಿಕ ಅಪರಾಧದ ಮೊಕದ್ದಮೆಗೆ ಅನುಮತಿ ಬೇಕಿಲ್ಲ ಎಂದು ಆರನೇ ಕಲಮನ್ನು ತಿದ್ದಿ ಎಂದಿತು. ಸಂಸತ್ತು ಏನು ಮಾಡಿತು ನೋಡಿ. ಸಶಸ್ತ್ರ ಪಡೆಯವನು ತಾನು ನಿಯೋಜನೆಗೊಂಡ ಪ್ರದೇಶದಲ್ಲಿ ಅತ್ಯಾಚಾರ ಮಾಡಿದರೆ ಕನಿಷ್ಠ 10 ವರ್ಷ ಸೆರೆ ಎಂದು ದಂಡಸಂಹಿತೆಗೆ ಹೊಸ ಉಪಕಲಮು ಸೇರಿಸಿತು. ಉಳಿದ ಸರ್ಕಾರಿ ನೌಕರರ ಮೇಲೆ ಇಂಥ ಮೊಕದ್ದಮೆ ಹೂಡಲು ಅನುಮತಿ ಬೇಕಿಲ್ಲ ಎಂದೂ ಬರೆಯಿತು. ಆರನೇ ಕಲಮನ್ನು ಮಾತ್ರ ಮುಟ್ಟಲಿಲ್ಲ. ಶಿಕ್ಷೆ ಪುಸ್ತಕದಲ್ಲಿದೆ, ಕೋರ್ಟಿನ ಬಾಗಿಲಿಗೆ ಬೀಗವಿದೆ. ಸೇನೆ ಒಪ್ಪುತ್ತಿಲ್ಲ, ಏನು ಮಾಡೋಣ ಎಂಬ ಅರ್ಥದ ಮಾತನ್ನು ಆಗಿನ ಹಣಕಾಸು ಸಚಿವ ಚಿದಂಬರಂ ಆಡಿದರು. ಈ ದೇಶದಲ್ಲಿ ಕಾನೂನು ಮಾಡುವವರು ಜನ ಆರಿಸಿದವರೋ, ಪಡೆಯ ಮುಖ್ಯಸ್ಥರೋ?

‘ಯುದ್ಧ ಅಂದ ಮೇಲೆ ಇದೆಲ್ಲ ಇದ್ದದ್ದೇ’ ಎನ್ನುವ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಇದ್ದದ್ದೇ ಎಂದವರಿಗೆ 1998ರಲ್ಲೇ ಉತ್ತರ ಸಿಕ್ಕಿದೆ. ರುವಾಂಡಾದ ತಾಬಾ ಎಂಬ ಊರಿನ ಮೇಯರ್ ಅಕಯೇಸು ಮೇಲೆ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ನರಮೇಧದ ವಿಚಾರಣೆ ನಡೆದಿತ್ತು. ಆರೋಪಪಟ್ಟಿಯಲ್ಲಿ ಅತ್ಯಾಚಾರದ ಸೊಲ್ಲೇ ಇರಲಿಲ್ಲ. ಸಾಕ್ಷಿಕಟ್ಟೆಗೆ ಬಂದ ಒಬ್ಬ ತಾಯಿ ತನ್ನ ಆರು ವರ್ಷದ ಮಗಳ ಮೇಲೆ ಮೂವರು ಎರಗಿದ್ದನ್ನು ಹೇಳಿಬಿಟ್ಟಳು. ಪೀಠದಲ್ಲಿದ್ದ ಒಬ್ಬರೇ ಮಹಿಳೆ ನವನೀತಂ ಪಿಳ್ಳೈ, ಡರ್ಬನ್ನಿನ ತಮಿಳು ಬಸ್ ಚಾಲಕರೊಬ್ಬರ ಮಗಳು. ಅವರು ಅದನ್ನು ಅಲ್ಲಿಗೇ ಬಿಡಲಿಲ್ಲ, ಕೆದಕಿ ಕೇಳಿದರು. ಮತ್ತೊಬ್ಬ ಸಾಕ್ಷಿ ಬಾಯಿಬಿಟ್ಟಳು. ಆರೋಪಪಟ್ಟಿಯನ್ನೇ ತಿದ್ದಬೇಕಾಯಿತು. ತಾನು ಯಾರನ್ನೂ ಮುಟ್ಟದೆ, ನಿಂತು ನೋಡಿ ಹುರಿದುಂಬಿಸಿದ ಆ ಮೇಯರ್ ಅಪರಾಧಿಯಾದ. ಅತ್ಯಾಚಾರವೂ ನರಮೇಧದ ಆಯುಧ ಎಂದು ಮೊದಲ ಸಲ ತೀರ್ಪಾಯಿತು. 2001ರಲ್ಲಿ ಬೋಸ್ನಿಯಾದ ಫೋಚಾ ಪಟ್ಟಣದಲ್ಲಿ ಹೆಣ್ಣುಮಕ್ಕಳನ್ನು ಕೂಡಿಹಾಕಿ ಹಿಂಸಿಸಿದ ಮೂವರಿಗೆ 28, 20 ಮತ್ತು 12 ವರ್ಷ ಜೈಲಾಯಿತು. ಕೇಳುವವರಿದ್ದರೆ ಹೇಳುವವರು ಇದ್ದಾರೆ. ಇದನ್ನು ನಿಲ್ಲಿಸಲು ಆಗುವುದಿಲ್ಲ ಎನ್ನುವುದು ಸುಳ್ಳು.

ಮಣಿಪುರಕ್ಕೇ ಮರಳುತ್ತೇನೆ, ಯಾಕೆಂದರೆ 2023ರಲ್ಲಿ ಮೈತೇಯಿ-ಕುಕಿ ಸಂಘರ್ಷದಲ್ಲಿ ಅದು ಮತ್ತೆ ಹೊತ್ತಿ ಉರಿಯಿತು. ಮೇ 4ರಂದು ಕಾಂಗ್‌ಪೊಕ್ಪಿಯ ಬಿ. ಫೈನೊಂ ಹಳ್ಳಿಯ ಕುಕಿ ಹೆಂಗಸರು ಗುಂಪಿನಿಂದ ತಪ್ಪಿಸಿಕೊಂಡು ಪೊಲೀಸ್ ಜಿಪ್ಸಿಯ ಹತ್ತಿರ ಓಡಿಬಂದರು, ಇಬ್ಬರು ಒಳಗೇ ಹತ್ತಿ ಕೂತರು, ಗಾಡಿ ಓಡಿಸಿ ಎಂದು ಅಂಗಲಾಚಿದರು, ಕೀ ಇಲ್ಲ ಎಂದ ಡ್ರೈವರ್. ಇದು ಸಿಬಿಐ ಆರೋಪಪಟ್ಟಿಯಲ್ಲಿ ಬರೆದಿರುವ ಮಾತು. ಪೊಲೀಸರು ಜಾಗ ಖಾಲಿ ಮಾಡಿದರು, ಗುಂಪು ಆ ಹೆಂಗಸರನ್ನು ಹೊರಗೆಳೆದು ಬೆತ್ತಲೆ ಮೆರೆಸಿತು. ಅವರಲ್ಲೊಬ್ಬರ ಗಂಡ ಕಾರ್ಗಿಲ್‌ನಲ್ಲಿ ಹೋರಾಡಿದ ಯೋಧ. ಮೇ 18ರಂದೇ ದೂರು ದಾಖಲಾಗಿತ್ತು. ಜುಲೈ 19ರಂದು ಬೆತ್ತಲೆ ಮೆರವಣಿಗೆಯ ವಿಡಿಯೊ ಫೋನಿಂದ ಫೋನಿಗೆ ಹರಿಯುವ ತನಕ ಒಬ್ಬನನ್ನೂ ಹಿಡಿದಿರಲಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು, ಹೇಳಲು ಸಂಕಟವಾದರೂ. ಕಣಿವೆಯ ಮೈತೇಯಿ ಮಹಿಳಾ ಕಾವಲುಪಡೆಯವರೇ ಕುಕಿ ಹುಡುಗಿಯೊಬ್ಬಳನ್ನು ಗಂಡಸರ ಕೈಗೆ ಒಪ್ಪಿಸಿದರು ಎಂಬ ದೂರೂ ಆ ಮೇ ತಿಂಗಳಿನದ್ದೇ. ಚುರಾಚಾಂದ್‌ಪುರದಲ್ಲಿ ತನ್ನ ಮೇಲೆ ಅತ್ಯಾಚಾರವಾಯಿತು ಎಂದು ಮೈತೇಯಿ ಹೆಂಗಸೊಬ್ಬಳು ತಿಂಗಳುಗಳ ನಂತರ ದೂರು ಕೊಟ್ಟಿದ್ದಾಳೆ. ನಮ್ಮವಳ ನೋವು ಮಾತ್ರ ನೋವು, ಅವರವಳದ್ದು ನಾಟಕ ಎನ್ನುವವರು ಎರಡೂ ಕಡೆ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ಅಂಥವರ ಜೊತೆ ನಾನು ಯಾವ ಮೆರವಣಿಗೆಯಲ್ಲೂ ಹೆಜ್ಜೆ ಹಾಕಲಾರೆ. ಕಾಂಗ್ಲಾ ಮುಂದೆ ನಿಂತ ಹನ್ನೆರಡು ಇಮಾಗಳ ಧೈರ್ಯಕ್ಕೆ ಜಾತಿ, ಬುಡಕಟ್ಟು ಇಲ್ಲ. ಅವರನ್ನು ಮೆಚ್ಚುವವರು ಬಿ. ಫೈನೊಂ ಹೆಂಗಸರ ಪರ ನಿಲ್ಲದಿದ್ದರೆ ಆ ಮೆಚ್ಚುಗೆ ನನಗೆ ಬೇಡ.

ಕರ್ನಾಟಕದಲ್ಲಿ ಈ ಕಾಯ್ದೆ ಇಲ್ಲ, ಹಾಗಾಗಿ ಇದು ನಮ್ಮ ತಲೆನೋವಲ್ಲ ಎಂದುಕೊಂಡಿದ್ದೇವೆ. ಕಾಯ್ದೆ ತಿದ್ದುವ ಸಂಸತ್ತಿಗೆ ನಾವು 28 ಮಂದಿಯನ್ನು ಆರಿಸಿ ಕಳಿಸುತ್ತೇವೆ, ರಾಜ್ಯಸಭೆಗೆ ಇನ್ನೂ 12 ಮಂದಿ ಹೋಗುತ್ತಾರೆ. ಮುಂದಿನ ಸಲ ನಿಮ್ಮೂರಿಗೆ ಬಂದಾಗ ಅವರನ್ನು ನಿಲ್ಲಿಸಿ ಕೇಳಿ. ರಸ್ತೆಯನ್ನೂ ಕೇಳಿ, ನೀರನ್ನೂ ಕೇಳಿ, ಅದರ ಜೊತೆಗೇ ಇದನ್ನೂ ಕೇಳಿ: ವರ್ಮಾ ಸಮಿತಿ ಹೇಳಿದ ಆ ತಿದ್ದುಪಡಿಯನ್ನು ಖಾಸಗಿ ಮಸೂದೆಯಾಗಿ ಮಂಡಿಸುತ್ತೀರಾ, ಇಲ್ಲವಾ? ಯಾರೇ ಮಂಡಿಸಿದರೂ ಕೈ ಎತ್ತುತ್ತೀರಾ, ಇಲ್ಲವಾ? ಉತ್ತರವನ್ನು ಲಿಖಿತವಾಗಿ ಪಡೆಯಿರಿ.