ಕೇದಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಕಾಸರಕೋಡ ಟೊಂಕದ ಖಾಸಗಿ ಬಂದರಿನ ಮಾತು ಬಂದಾಗಲೆಲ್ಲ ಚರ್ಚೆ ಎರಡಾಗಿ ಒಡೆಯುತ್ತದೆ. ಉದ್ಯೋಗ ಬರುತ್ತದೆ ಎನ್ನುವವರು ಒಂದು ಕಡೆ, ಮೀನುಗಾರರ ದಡ ಹೋಗುತ್ತದೆ ಎನ್ನುವವರು ಇನ್ನೊಂದು ಕಡೆ. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಮೊದಲ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಇಂಥ ಮರಳ ದಂಡೆಗಳಲ್ಲಿ ಬೆಳೆಯುವ ಕೇದಗೆಯ ಹೆಸರನ್ನು ಎರಡೂ ಕಡೆಯವರು ಎತ್ತುವುದು ಕಡಿಮೆ.

ನಮಗೆ ಕೇದಗೆ ಎಂದರೆ ಮಳೆಗಾಲದಲ್ಲಿ ದೇವರಿಗೆ ಏರುವ ಹೂವು, ಇಲ್ಲವೇ ಯಕ್ಷಗಾನದ ಅಭಿಮನ್ಯುವಿನ ಕೇದಗೆ ಮುಂದಲೆ. ಉಳಿದಂತೆ ಅದು ಹಾವಿರುವ ಮುಳ್ಳುಪೊದೆ, ಕಡಿದರೆ ಯಾರೂ ಕೇಳುವುದಿಲ್ಲ. ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಇದೇ ಗಿಡದಿಂದ ಒಂದು ಸುಗಂಧೋದ್ಯಮ ನಡೆಯುತ್ತದೆ. ಪರಿಮಳವಿರುವುದು ಗಂಡು ಹೂವಿಗೆ. ಅದನ್ನು ಬೆಳಗಿನ ಜಾವ ಕೊಯ್ದು, ಬಾಡುವ ಮೊದಲೇ ಊರ ಹತ್ತಿರದ ಭಟ್ಟಿಗೆ ಮುಟ್ಟಿಸುತ್ತಾರೆ. ತಾಮ್ರದ ಹಂಡೆಯಲ್ಲಿ ನೀರಿನೊಂದಿಗೆ ಕಾಯಿಸಿ, ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸಿದರೆ ಅತ್ತರು. ಹೂವಿನ ಶುದ್ಧ ಎಣ್ಣೆಗೆ ರೂಹ್ ಎನ್ನುತ್ತಾರೆ. ಪರಿಮಳದ ನೀರು ಬಿರಿಯಾನಿಗೂ ಮಿಠಾಯಿಗೂ ಹೋಗುತ್ತದೆ. ಗಂಜಾಂ ಕೇವ್ಡಾ ರೂಹ್‌ಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ.

ಹಾಗಂತ ನಾಳೆಯೇ ಇಲ್ಲಿ ಭಟ್ಟಿ ಹಾಕೋಣ ಎಂದು ನಾನು ಹೇಳುತ್ತಿಲ್ಲ. ಈ ಅತ್ತರಿನ ದೊಡ್ಡ ಗಿರಾಕಿ ಪಾನ್ ಮಸಾಲೆ ಮತ್ತು ಜರ್ದಾ ತಯಾರಕರು. ಅಂಥ ಮಾರುಕಟ್ಟೆಯನ್ನು ನೆಚ್ಚಿಕೊಂಡು ಉದ್ಯೋಗದ ಕನಸು ಕಾಣುವುದು ನನಗೆ ಹಿಡಿಸುವುದಿಲ್ಲ. ಮೇಲಾಗಿ ಇದರ ಮುಖ್ಯ ಪರಿಮಳ ದ್ರವ್ಯವನ್ನು ಈಗ ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ನಮ್ಮ ಹೂವಿನಲ್ಲಿ ಎಣ್ಣೆ ಎಷ್ಟಿದೆ ಎಂಬುದನ್ನಾದರೂ ಮೊದಲು ನೋಡಬಹುದು. ಹೊನ್ನಾವರ, ಕುಮಟಾ, ಭಟ್ಕಳದ ಯಾವ ಕಾಲೇಜಿನ ರಸಾಯನಶಾಸ್ತ್ರ ವಿದ್ಯಾರ್ಥಿಗಳಿಗಾದರೂ ಕ್ಲೆವೆಂಜರ್ ಉಪಕರಣವೊಂದಿದ್ದರೆ ಇದು ಒಂದು ಮಳೆಗಾಲದ ಪ್ರಾಜೆಕ್ಟ್.

ಎಣ್ಣೆ ಸಿಗದೇ ಹೋದರೂ ಗಿಡ ಸುಮ್ಮನೆ ನಿಂತಿಲ್ಲ. ಅದರ ಊರುಬೇರುಗಳು ಮರಳನ್ನು ಹಿಡಿದಿಡುತ್ತವೆ. ಕಾಸರಕೋಡ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಟೊಂಕದ ಮರಳಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಎರಡಕ್ಕೂ ಮರಳು ನಿಂತಿರಬೇಕು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಮರಳ ದಿಬ್ಬಗಳನ್ನು ಅತಿ ಹೆಚ್ಚು ರಕ್ಷಣೆಯ ವರ್ಗದಲ್ಲೇ ಇಟ್ಟಿದೆ. ಆದರೂ ದಿಬ್ಬ ಸವರಿ ರಸ್ತೆ ಮಾಡಿದ ಮೇಲೆ ಗಾಳಿಮರದ ಸಸಿ ನೆಟ್ಟರೆ ಸಾಕೆಂಬ ಧೋರಣೆ ನಮ್ಮಲ್ಲಿದೆ.

ಯೋಜನೆ ಯಾರದೇ ಇರಲಿ, ದಂಡೆಯಲ್ಲಿ ಯಂತ್ರ ಇಳಿಯುವ ಮೊದಲು ಅಲ್ಲಿನ ಕೇದಗೆ ಪೊದೆಗಳನ್ನು ಎಣಿಸಿ, ಪಟ್ಟಿಯನ್ನು ಪಂಚಾಯಿತಿ ಫಲಕದಲ್ಲಿ ಹಾಕಲಿ. ಬುಡದ ಮರಿಗಳನ್ನು ಕಿತ್ತು ನೆಟ್ಟರೆ ಇದು ಚಿಗುರುತ್ತದೆ, ನರ್ಸರಿಯೂ ಬೇಡ.